ಬಚ್ಚಲ ಹಂಡೆಯೂ ಜೂನ್ 26ರ ಭಾಷಣವೂ

ಶಿರಸಿ ಹತ್ತಿರದ ಹಳ್ಳಿಯಿಂದ ಅಪ್ಪ-ಮಗ ಬಂದಿದ್ದರು. ಅಡಿಕೆ ತೋಟದ ಮನೆಯವರು. ಗುರುತು ಸಿಗದ ಹಾಗೆ ಒಂದಿಷ್ಟು ವಿವರ ಬದಲಿಸಿಯೇ ಬರೆಯುತ್ತಿದ್ದೇನೆ. ಮಾಣಿಗೆ ಇಪ್ಪತ್ತು ವರ್ಷ. ಆರು ತಿಂಗಳಿಂದ ವಾಂತಿ. ಶುರುವಾದರೆ ಎರಡು ಮೂರು ದಿನ ನಿಲ್ಲುವುದಿಲ್ಲ, ಜೊತೆಗೆ ಹೊಟ್ಟೆನೋವು. ದೊಡ್ಡ ಆಸ್ಪತ್ರೆಯಲ್ಲಿ ಎಂಡೋಸ್ಕೋಪಿ ಆಗಿತ್ತು, ಸ್ಕ್ಯಾನಿಂಗ್ ಆಗಿತ್ತು, ಫೈಲು ದಪ್ಪ ಆಗಿತ್ತು. ಏನೂ ಸಿಕ್ಕಿರಲಿಲ್ಲ. ಏನೂ ಸಿಗದವರನ್ನು ಮನೋವೈದ್ಯರ ಹತ್ತಿರ ಕಳಿಸುವುದು ರೂಢಿ. ಹಾಗೆ ನನ್ನಲ್ಲಿಗೆ ಬಂದಿದ್ದರು.

ಎಲ್ಲ ಕೇಳಿ, ಔಷಧಿ ಚೀಟಿ ಬರೆಯುತ್ತಿದ್ದೆ. ಅಪ್ಪ ಗೊಣಗಿದರು. "ಮತ್ತೊಂದು ಡಾಕ್ಟ್ರೇ, ಇವ ಬಚ್ಚಲು ಬಿಟ್ಟು ಹೊರಗೇ ಬರೂದಿಲ್ಲ. ದಿನಕ್ಕೆ ಐದಾರು ಸಲ ಸ್ನಾನ. ಹಂಡೆ ಒಲೆ ಆರಿದ್ದೇ ಇಲ್ಲ. ಮಳೆಗಾಲಕ್ಕೆ ಅಂತ ಇಟ್ಟ ಕಟ್ಟಿಗೆ ಅರ್ಧ ಖಾಲಿ."

ಚೀಟಿ ಹರಿದು ಹಾಕಿದೆ. ಅಪ್ಪನನ್ನು ಹೊರಗೆ ಕೂರಿಸಿ ಮಾಣಿಯನ್ನು ಕೇಳಿದೆ. "ಬಿಸಿನೀರು ಹೊಯ್ದುಕೊಂಡಾಗ ಮಾತ್ರ ವಾಂತಿ ನಿಲ್ತದಾ?" ಹೌದು. "ಎಷ್ಟು ವರ್ಷದಿಂದ ಸೇದ್ತಾ ಇದ್ದೀಯಾ?" ಅವನು ಸ್ವಲ್ಪ ಹೊತ್ತು ನೆಲ ನೋಡಿದ. ಮೂರು ವರ್ಷ. ದಿನಾ. ಈಗೀಗ ನಾಲ್ಕೈದು ಸಲ.

ಗಾಂಜಾ ವಾಂತಿ ಇದು. ವರ್ಷಗಟ್ಟಲೆ, ಹೆಚ್ಚುಕಡಿಮೆ ದಿನಾ ಸೇದುವ ಕೆಲವರಿಗೆ ಬರುತ್ತದೆ. ಹೀಗೊಂದು ಕಾಯಿಲೆ ಇದೆ ಎಂದು 2004ರಲ್ಲಿ ಆಸ್ಟ್ರೇಲಿಯಾದ ಅಡಿಲೇಡ್ ಕಡೆಯ ವೈದ್ಯರು ಬರೆದರು. ಅವರ ರೋಗಿಗಳೂ ಬಿಸಿನೀರು ಬಿಟ್ಟು ಏಳುತ್ತಿರಲಿಲ್ಲ. ಬಿಸಿಗೆ ಯಾಕೆ ನಿಲ್ಲುತ್ತದೆ ಎನ್ನುವುದು ಇನ್ನೂ ಪೂರ್ತಿ ಬಗೆಹರಿದಿಲ್ಲ. ನಮ್ಮ ದೇಹ ಬಿಸಿಯನ್ನೂ ಮೆಣಸಿನ ಖಾರವನ್ನೂ ನರದ ತುದಿಯಲ್ಲಿರುವ ಒಂದೇ ಬಗೆಯ ಗ್ರಾಹಕದಿಂದ (ರಿಸೆಪ್ಟರ್) ಗುರುತಿಸುತ್ತದೆ. ಹಾಗಾಗಿ ಕೆಲವು ಎಮರ್ಜೆನ್ಸಿ ವಾರ್ಡುಗಳಲ್ಲಿ ಇಂಥವರ ಹೊಟ್ಟೆಗೆ ಖಾರದ ಅಂಶವಿರುವ ಮುಲಾಮು ಹಚ್ಚುತ್ತಾರೆ. ಅದು ಆ ಹೊತ್ತಿಗೆ. ನಿಜವಾದ ಚಿಕಿತ್ಸೆ ಗಾಂಜಾ ಬಿಡುವುದು ಮಾತ್ರ.

"ವಾಂತಿ ಶುರುವಾದಾಗಲಾದರೂ ಬಿಡಬೇಕು ಅನಿಸಲಿಲ್ವಾ?" ಎಂದೆ.

"ಇಲ್ಲ ಸರ್. ವಾಂತಿಗೆ ಗಾಂಜಾ ಒಳ್ಳೇದು ಅಂತ ಓದಿದ್ದೆ. ಅದಕ್ಕೇ ಜಾಸ್ತಿ ಮಾಡ್ದೆ."

ಅವನು ಓದಿದ್ದು ಸುಳ್ಳಲ್ಲ. ಗಾಂಜಾದಲ್ಲಿ ಅಮಲು ಬರಿಸುವ ಅಂಶಕ್ಕೆ ಟಿಎಚ್‌ಸಿ ಎನ್ನುತ್ತಾರೆ. ಅದನ್ನೇ ಕೃತಕವಾಗಿ ತಯಾರಿಸಿ, ಕ್ಯಾನ್ಸರ್ ಔಷಧಿಯಿಂದ ಬರುವ ವಾಂತಿಗೆ ಕೊಡಲು ಅಮೆರಿಕದಲ್ಲಿ 1985ರಲ್ಲೇ ಅನುಮತಿ ಸಿಕ್ಕಿದೆ. ಆ ಮೇಲೆ ಅವನು ಇನ್ನೊಂದು ಮಾತು ಹೇಳಿದ. "ನೀವು ನಮ್ಮ ಕಾಲೇಜಿಗೆ ಬಂದಿದ್ರಿ ಸರ್. ಒಂದು ದಮ್ಮು ಎಳೆದ್ರೂ ಮಿದುಳು ಕೊಳೀತದೆ ಅಂದಿದ್ರಿ. ನಮ್ಮ ಬೆಂಚಲ್ಲಿ ನಾಲ್ಕು ಜನ ಅಷ್ಟೊತ್ತಿಗೇ ಸೇದಿದ್ವಿ. ಯಾರಿಗೂ ಏನೂ ಆಗಿರ್ಲಿಲ್ಲ."

ಹೌದು, ಹೇಳಿದ್ದೆ. ಜೂನ್ 26 ಮಾದಕ ವಸ್ತು ವಿರೋಧಿ ದಿನ. ಆವತ್ತು ನಮ್ಮಂಥವರಿಗೆ ಭಾರೀ ಬೇಡಿಕೆ. ಪ್ರಾರ್ಥನೆ, ಸ್ವಾಗತ, ಹಾರ, ಪ್ರತಿಜ್ಞಾವಿಧಿ. ತಲೆಬುರುಡೆಯ ಚಿತ್ರ ಇರುವ ಸ್ಲೈಡು. ಹುಡುಗರು ಹೆದರಲಿ ಅಂತ ಒಂದಕ್ಕೆರಡು ಸೇರಿಸುತ್ತಿದ್ದೆ. ಒಳ್ಳೆಯ ಉದ್ದೇಶ ತಾನೇ ಎಂಬ ಧೈರ್ಯ. ವಾಂತಿಯ ವಿಷಯ ಒಂದು ಮಾತೂ ಆಡಿರಲಿಲ್ಲ.

ಈಗ ಹಾಗೆ ಮಾತಾಡುವುದಿಲ್ಲ. ಮೊದಲು, ಬಹಳ ಜನರಿಗೆ ಏನೂ ಆಗುವುದಿಲ್ಲ ಎಂದೇ ಶುರು ಮಾಡುತ್ತೇನೆ. ಪ್ರಿನ್ಸಿಪಾಲರ ಮುಖ ಸಣ್ಣಗಾಗುತ್ತದೆ. ಆದರೆ ಹಿಂದಿನ ಬೆಂಚಿನವರು ಫೋನಿನಿಂದ ತಲೆ ಎತ್ತುತ್ತಾರೆ. ಹೆರಾಯಿನ್ ಹಾಗೆ ಗಾಂಜಾ ಉಸಿರು ನಿಲ್ಲಿಸಿ ಕೊಲ್ಲುವುದಿಲ್ಲ ಎನ್ನುತ್ತೇನೆ. ಸೇದಿದವರಲ್ಲಿ ಚಟಕ್ಕೆ ಬೀಳುವವರು ಸುಮಾರು ಹತ್ತರಲ್ಲಿ ಒಬ್ಬರು, ಹದಿವಯಸ್ಸಿನಲ್ಲೇ ಶುರು ಮಾಡಿದರೆ ಆರರಲ್ಲಿ ಒಬ್ಬರು. ಮಿದುಳು ಇಪ್ಪತ್ತೈದರವರೆಗೂ ಬೆಳೆಯುತ್ತಲೇ ಇರುತ್ತದೆ. ನಮ್ಮ ಮಿದುಳು ಗಾಂಜಾದ ಥರದ್ದೇ ಒಂದು ರಸ ತಾನಾಗಿಯೇ ತಯಾರಿಸುತ್ತದೆ. 1992ರಲ್ಲಿ ಜೆರುಸಲೇಮಿನಲ್ಲಿ ಅದನ್ನು ಕಂಡುಹಿಡಿದವರು ಸಂಸ್ಕೃತದ ‘ಆನಂದ’ ಪದ ತಗೊಂಡು ಆನಂದಮೈಡ್ ಎಂದು ಹೆಸರಿಟ್ಟರು. ಇದನ್ನು ಹೇಳಿದಾಗ ಸಂಸ್ಕೃತ ಮೇಷ್ಟ್ರಿಗೆ ಬಹಳ ಖುಷಿ! ಮಿದುಳಿನ ತಂತುಗಳು ಒಂದಕ್ಕೊಂದು ಬೆಸೆಯುವ ಕೆಲಸದಲ್ಲಿ ಈ ರಸದ ಪಾಲು ಇದೆ. ಆ ಕೆಲಸ ಮುಗಿಯದ ವಯಸ್ಸಿನಲ್ಲಿ ಹೊರಗಿನಿಂದ ದಿನಾ ಸುರಿಯಬೇಡಿ ಎನ್ನುವುದಕ್ಕೆ ಕಾರಣ ಅದು.

ಇನ್ನು ಹುಚ್ಚು ಹಿಡಿಯುತ್ತದಾ ಎಂಬ ಪ್ರಶ್ನೆ. ಇದಕ್ಕೆ ಸ್ವಲ್ಪ ಸಮಯ ಬೇಕು. ಸ್ವೀಡನ್ನಿನಲ್ಲಿ ಸೈನ್ಯಕ್ಕೆ ಸೇರಿದ 45 ಸಾವಿರಕ್ಕೂ ಹೆಚ್ಚು ಯುವಕರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನ 1987ರಲ್ಲಿ ಬಂತು. 50ಕ್ಕಿಂತ ಜಾಸ್ತಿ ಸಲ ಸೇದಿದವರಲ್ಲಿ ಸ್ಕಿಜೋಫ್ರೇನಿಯಾ (ಇಲ್ಲದ ದನಿ ಕೇಳಿಸುವ, ಇಲ್ಲದ ಅನುಮಾನ ಕಾಡುವ ಮನೋರೋಗ) ಆರು ಪಟ್ಟು ಹೆಚ್ಚಿತ್ತು. 2019ರಲ್ಲಿ ಯುರೋಪು ಮತ್ತು ಬ್ರೆಜಿಲ್‌ನ 11 ಕಡೆಯ ಲೆಕ್ಕ ಬಂತು. ದಿನಾ ಸೇದುವವರಿಗೆ ಸೈಕೋಸಿಸ್ (ವಾಸ್ತವದ ನಂಟು ತಪ್ಪುವ ಸ್ಥಿತಿ, ಸ್ಕಿಜೋಫ್ರೇನಿಯಾ ಅದರ ಒಂದು ಬಗೆ) ಸಾಧ್ಯತೆ ಸುಮಾರು ಮೂರು ಪಟ್ಟು. ಅದರಲ್ಲೂ ಕಡಕ್ ಮಾಲು ಸೇದುವವರಿಗೆ ಸುಮಾರು ಐದು ಪಟ್ಟು. ಕೇಳಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಯಾವುದರ ಮೂರು ಪಟ್ಟು? ಸ್ಕಿಜೋಫ್ರೇನಿಯಾ ಬರುವುದು ಹೆಚ್ಚೆಂದರೆ ನೂರಕ್ಕೆ ಒಬ್ಬರಿಗೆ. ಮೂರು ಪಟ್ಟು ಎಂದರೂ ಮೂವರು. ಉಳಿದ 97 ಜನ ‘ನಮಗೇನೂ ಆಗ್ಲಿಲ್ಲ’ ಎನ್ನುತ್ತಾ ತಿರುಗುತ್ತಾರೆ, ಅವರು ಹೇಳುವುದೂ ನಿಜವೇ. ಆ ಮೂವರು ಯಾರು ಎಂದು ಮೊದಲೇ ಹೇಳಲು ಆಗುವುದಿಲ್ಲ. ಒಂದು ಸುಳಿವು ಮಾತ್ರ ಇದೆ. ಅಪ್ಪನಿಗೋ ಅಮ್ಮನಿಗೋ ಒಡಹುಟ್ಟಿದವರಿಗೋ ಆ ಕಾಯಿಲೆ ಇದ್ದರೆ, ಗಾಂಜಾ ಇಲ್ಲದೆಯೂ ಅಪಾಯ ನೂರಕ್ಕೆ ಹತ್ತರ ಹತ್ತಿರ ಇರುತ್ತದೆ. ಅಂಥ ಮನೆಯ ಹುಡುಗನಿಗೆ ನಾನು ಕೈಮುಗಿದು ಹೇಳುತ್ತೇನೆ, ನೀನು ಮುಟ್ಟಲೇಬೇಡ ಅಂತ. ಗಾಂಜಾದಿಂದ ಕಾಯಿಲೆ ಬಂತೋ, ಕಾಯಿಲೆ ಬರುವ ಸ್ವಭಾವ ಇದ್ದವರೇ ಗಾಂಜಾದ ಕಡೆ ಹೋದರೋ ಎಂಬ ವಾದ ಇನ್ನೂ ನಡೆಯುತ್ತಿದೆ, ನಡೆಯಲಿ. ಆ ಹುಡುಗನಿಗೆ ಅದು ಮುಗಿಯುವ ತನಕ ಕಾಯುವ ಅಗತ್ಯ ಇಲ್ಲ.

ಬುದ್ಧಿ ಮಂಕಾಗುತ್ತದೆ ಎಂಬ ಸ್ಲೈಡನ್ನು ತೆಗೆದೇಬಿಟ್ಟೆ. ಹದಿವಯಸ್ಸಿನಿಂದ ಬಿಡದೆ ಸೇದಿದವರ ಐಕ್ಯೂ ಎಂಟು ಅಂಕದಷ್ಟು ಇಳಿದಿತ್ತು ಎಂದು 2012ರಲ್ಲಿ ನ್ಯೂಜಿಲೆಂಡಿನ ಅಧ್ಯಯನ ಹೇಳಿತ್ತು. ಆಮೇಲೆ ಅವಳಿಗಳನ್ನು ನೋಡಿದರೆ, ಸೇದಿದವನಿಗೂ ಸೇದದ ಅವಳಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ಖಚಿತ ಇಲ್ಲದ್ದನ್ನು ಯಾಕೆ ಹೇಳಲಿ? ಅಮಲಿನಲ್ಲಿ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಅಮಲಿನಲ್ಲಿ ಬೈಕ್ ಹತ್ತಿ ದೇವಿಮನೆ ಘಟ್ಟ ಇಳಿದರೆ ತಿರುವಿನಲ್ಲಿ ಬ್ರೇಕ್ ತಡವಾಗುತ್ತದೆ. ಇಷ್ಟು ಸಾಕು.

ಹಿರಿಯರದು ಬೇರೆಯೇ ವಾದ. ಅವರಿಗೆ ಭಂಗಿ ಎಂದರೆ ಗೋಕರ್ಣದ ಬೈರಾಗಿಗಳ ಚಿಲುಮೆ. "ಅವ್ರಿಗೆಲ್ಲ ಎಂತ ಆಯ್ತು?" ಎಂದು ಕೇಳುತ್ತಾರೆ. ಬ್ರಿಟಿಷರು 1893ರಲ್ಲಿ ಇದಕ್ಕೇ ಒಂದು ಆಯೋಗ ಮಾಡಿದ್ದರು. ಮಿತವಾಗಿ ಬಳಸಿದರೆ ಹೇಳಿಕೊಳ್ಳುವಂಥ ಹಾನಿ ಇಲ್ಲ, ಅತಿಯಾದರೆ ಹಾನಿ ಎಂದು ಆ ವರದಿ ಹೇಳಿತು. ಆದರೆ ಆ ಕಾಲದ ಸೊಪ್ಪು ಬೇರೆ, ಈಗಿನದು ಬೇರೆ. ಅಮೆರಿಕದಲ್ಲಿ ಹಿಡಿದ ಮಾಲಿನಲ್ಲಿ ಟಿಎಚ್‌ಸಿ 1995ರಲ್ಲಿ ಶೇ. 4ರ ಆಸುಪಾಸು ಇತ್ತು, 2014ರ ಹೊತ್ತಿಗೆ ಶೇ. 12 ಆಗಿತ್ತು. ಹೈಡ್ರೋ ಎಂದು ಈಗ ಬರುವುದು ಇನ್ನೂ ಕಡಕ್. ಮೇಲಾಗಿ ನಮ್ಮ ಹುಡುಗರು ಸಿಗರೇಟಿನ ತಂಬಾಕು ಬೆರೆಸಿ ಸುತ್ತುತ್ತಾರೆ. ಗಾಂಜಾ ಬಿಟ್ಟವನು ಸಿಗರೇಟು ಬಿಡಲಾರದೆ ಒದ್ದಾಡುವುದನ್ನು ಬಹಳ ಸಲ ನೋಡಿದ್ದೇನೆ.

ಹೆದರಿಸುವ ಪಾಠ ಕೆಲಸ ಮಾಡುವುದಿಲ್ಲ ಎನ್ನುವುದು ನನ್ನೊಬ್ಬನ ಅನುಭವ ಅಲ್ಲ. 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಪೊಲೀಸರೇ ಶಾಲೆಗೆ ಹೋಗಿ ಪಾಠ ಮಾಡುವ ‘ಡೇರ್’ ಎಂಬ ಕಾರ್ಯಕ್ರಮ ಶುರುವಾಗಿ ಅಮೆರಿಕದ ತುಂಬ ಹಬ್ಬಿತು. ಅಧ್ಯಯನದ ಮೇಲೆ ಅಧ್ಯಯನ ನಡೆದರೂ, ಪಾಠ ಕೇಳಿದವರು ಕೇಳದವರಿಗಿಂತ ಕಡಿಮೆ ಸೇದಿದರು ಎಂದು ತೋರಿಸಲು ಆಗಲಿಲ್ಲ. ಕೊನೆಗೆ ಪಾಠವನ್ನೇ ಬದಲಿಸಿದರು. ಬರೀ ಭಾಷಣ, ಬರೀ ಭಯ, ಚಟ ಬಿಟ್ಟವರನ್ನು ವೇದಿಕೆಗೆ ಕರೆದು ಕಥೆ ಹೇಳಿಸುವುದು, ಇವುಗಳಿಂದ ಪ್ರಯೋಜನ ಇಲ್ಲ ಎಂದು ವಿಶ್ವಸಂಸ್ಥೆಯ ಮಾರ್ಗಸೂಚಿಯೇ ಹೇಳುತ್ತದೆ. ಉಪಯೋಗ ಕಂಡಿರುವುದು ತರಬೇತಿ ಪಡೆದವರು ವಾರವಾರ ಕೂರಿಸಿಕೊಂಡು ಮಾತಾಡಿಸುವ ಪಾಠಗಳಲ್ಲಿ. ಗೆಳೆಯ ಕೊಟ್ಟಾಗ ಬೇಡ ಎನ್ನುವುದು ಹೇಗೆ, ಬೇಜಾರಾದಾಗ ಮಾಡುವುದೇನು, ಇಂಥವು. ಅದಕ್ಕೆ ಹಾರ ತುರಾಯಿ ಇಲ್ಲ, ಪೇಪರಿನಲ್ಲಿ ಫೋಟೋ ಬರುವುದಿಲ್ಲ. ಟೈಮ್‌ಟೇಬಲ್ಲಿನಲ್ಲಿ ಜಾಗವೂ ಇಲ್ಲ.

ಕಾನೂನಿನ ಬಗ್ಗೆ ಒಂದು ಮಾತು, ಯಾಕೆಂದರೆ ಪೋಷಕರು ನನ್ನಲ್ಲಿ ಪಿಸುಗುಡುವುದೇ ಅದನ್ನು. "ಪೊಲೀಸರಿಗೆ ಗೊತ್ತಾಗೂದಿಲ್ಲ ಅಲ್ವಾ?" ಮಾದಕ ವಸ್ತು ತಡೆಯುವ 1985ರ ಎನ್‌ಡಿಪಿಎಸ್ ಕಾಯ್ದೆ ಪ್ರಕಾರ ಗಾಂಜಾ ಸೇವನೆಗೆ ಆರು ತಿಂಗಳವರೆಗೆ ಜೈಲು ಅಥವಾ ಹತ್ತು ಸಾವಿರದವರೆಗೆ ದಂಡ, ಇಲ್ಲಾ ಎರಡೂ. ಆದರೆ ಅದೇ ಕಾಯ್ದೆಯ 64ಎ ಕಲಂ ಯಾರೂ ಓದಿ ಹೇಳುವುದಿಲ್ಲ. ಚಟಕ್ಕೆ ಬಿದ್ದವನು ತಾನಾಗಿಯೇ ಸರ್ಕಾರಿ ಅಥವಾ ಸರ್ಕಾರ ಮಾನ್ಯ ಮಾಡಿದ ಕಡೆ ಚಿಕಿತ್ಸೆಗೆ ಬಂದರೆ, ಸೇವನೆಯ ಮತ್ತು ಸಣ್ಣ ಪ್ರಮಾಣದಲ್ಲಿ ಮಾಲು ಇಟ್ಟುಕೊಂಡ ಕೇಸಿನಿಂದ ವಿನಾಯಿತಿ ಸಿಗುತ್ತದೆ. ಚಿಕಿತ್ಸೆ ಪೂರ್ತಿ ಮಾಡಬೇಕು, ಅಷ್ಟೇ. ಜೂನ್ 26ರ ಬ್ಯಾನರಿನಲ್ಲಿ ಇದನ್ನು ಬರೆದಿದ್ದು ನಾನು ನೋಡಿಲ್ಲ. ಫೋನಿನಲ್ಲೇ ಕೇಳುವವರಿಗೆ ಚಟ ಬಿಡಿಸುವ ಸರ್ಕಾರಿ ಸಹಾಯವಾಣಿ 14446 ಮತ್ತು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮನಸ್‌ನ 14416 ಇದೆ.

ಮೆಡಿಕಲ್ ಶಾಪಿನಿಂದ ಮೂತ್ರ ಪರೀಕ್ಷೆಯ ಕಿಟ್ ತಂದು ಮಗನ ಮುಂದೆ ಹಿಡಿಯುವ ಅಪ್ಪಂದಿರೂ ಇದ್ದಾರೆ. ದಿನಾ ಸೇದುತ್ತಿದ್ದವನು ಬಿಟ್ಟು ಮೂರ್ನಾಲ್ಕು ವಾರ ಆದರೂ ಅದು ಪಾಸಿಟಿವ್ ತೋರಿಸಬಹುದು. ನಿಜವಾಗಿ ಬಿಟ್ಟವನನ್ನು ಸುಳ್ಳ ಎಂದ ಹಾಗಾಗುತ್ತದೆ. ಬಿಟ್ಟ ಮೊದಲ ಒಂದೆರಡು ವಾರ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಸಿಟ್ಟು ಮೂಗಿನ ತುದಿಯಲ್ಲೇ. ಆಗ ಸುಮ್ನೆ ಬಿಡಿ.

ಬಚ್ಚಲ ಮಾಣಿ ಎರಡು ಸಲ ಬಿಟ್ಟು ಮತ್ತೆ ಹಿಡಿದ. ಮೂರನೆಯ ಸಲ ಬಿಟ್ಟವನು ಇನ್ನೂ ಮುಟ್ಟಿಲ್ಲ. ವಾಂತಿ ನಿಂತಿದೆ.

ಕಳೆದ ಜೂನ್‌ನಲ್ಲಿ ಕುಮಟಾ ಕಡೆಯ ಪಿಯು ಕಾಲೇಜೊಂದಕ್ಕೆ ಹೋಗಿದ್ದೆ. ಹೆಸರು ಬರೆಯದೆ ಪ್ರಶ್ನೆ ಬರೆದುಕೊಡಿ ಎಂದು ಚೀಟಿ ಹಂಚಿದೆ. "ಅಡಿಕೆಯಿಂದಲೂ ಕ್ಯಾನ್ಸರ್ ಬರ್ತದಂತೆ, ನೀವು ಕವಳ ಹಾಕ್ತೀರಾ?" ಎಂದು ಒಬ್ಬ ಕೇಳಿದ್ದ. ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ಎಲೆಅಡಿಕೆ ಹಾಕುತ್ತಿದ್ದೆ, ಈಗ ಬಿಟ್ಟಿದ್ದೇನೆ ಎಂದೆ. ನಕ್ಕರು. ಗಾಂಜಾದ ಬಗ್ಗೆ ಬಂದದ್ದು ಮೂರೇ ಚೀಟಿ. ಏಳೆಂಟು ಚೀಟಿಯಲ್ಲಿ ಒಂದೇ ಮಾತು ಬೇರೆ ಬೇರೆ ಕೈಬರಹದಲ್ಲಿತ್ತು. "ಅಪ್ಪ ಕುಡೀತಾರೆ. ನಾನು ಎಂತ ಮಾಡ್ಬೇಕು?" 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ವರ್ಷದೊಳಗೆ ಭಾಂಗು, ಗಾಂಜಾ, ಚರಸ್ ಎಲ್ಲ ಸೇರಿ ಬಳಸಿದವರು ಶೇ. 2.8, ಮದ್ಯ ಕುಡಿಯುವವರು ಶೇ. 14.6.

ನನಗೆ ಕೊಟ್ಟಿದ್ದು ಒಂದು ತಾಸು. ಮುಕ್ಕಾಲು ತಾಸು ಆ ಚೀಟಿಗಳಿಗೇ ಹೋಯಿತು. ಗಾಂಜಾದ ಸ್ಲೈಡುಗಳಿದ್ದ ಪೆನ್‌ಡ್ರೈವ್ ಜೇಬಿನಲ್ಲೇ ಉಳಿಯಿತು.