ಲೈಫ್‌ಪಾಡ್ ಬಿಟ್ಟು ಹೊರಡೋದು ಯಾವಾಗ?

ಪ್ರಶ್ನೆ: ಸಬ್‌ನಾಟಿಕಾ ಅನ್ನೋ ಸಮುದ್ರದಡಿಯ ವಿಡಿಯೋ ಗೇಮ್ ಈಗಷ್ಟೇ ಶುರು ಮಾಡಿದ್ದೇನೆ. ಲೈಫ್‌ಪಾಡ್‌ನಲ್ಲೇ ಇದ್ದುಕೊಂಡು ಎಷ್ಟು ದಿನ ಆಡಬಹುದು? ಬೇರೆ ಮನೆ ಕಟ್ಟಲೇಬೇಕಾ?

ಕಟ್ಟಲೇಬೇಕು ಅಂತ ಆಟ ಎಲ್ಲೂ ಹಠ ಹಿಡಿಯುವುದಿಲ್ಲ. ಆದರೆ ಒಂದು ದಿನ ಲಾಕರ್ ತೆರೆದಾಗ ಇನ್ನೊಂದು ಟೈಟಾನಿಯಂ ತುಂಡು ಇಡುವುದಕ್ಕೂ ಜಾಗ ಇರುವುದಿಲ್ಲ ನೋಡಿ, ನಿಮಗೆ ಉತ್ತರ ಸಿಗುವುದು ಅವತ್ತೇ.

ಮೊದಲು ಈ ಪಾಡ್ ಏನು ಕೊಡುತ್ತದೆ ಅಂತ ನೋಡೋಣ. ಅರೋರಾ ಅನ್ನೋ ಬಾಹ್ಯಾಕಾಶ ಹಡಗು 4546ಬಿ ಗ್ರಹದ ಸಮುದ್ರಕ್ಕೆ ಬೀಳುತ್ತಿರುವಾಗ ನೀವು ತಪ್ಪಿಸಿಕೊಂಡು ಬರುವುದು ಲೈಫ್‌ಪಾಡ್ 5ರಲ್ಲಿ. ಒಳಗೆ ಒಂದು ಫ್ಯಾಬ್ರಿಕೇಟರ್ (ಸಾಮಾನು ಮಾಡಿಕೊಡುವ ಯಂತ್ರ), ಒಂದು ರೇಡಿಯೋ, ಔಷಧಿ ಕಿಟ್ ತಯಾರಿಸುವ ಯಂತ್ರ, ಒಂದು ಸಣ್ಣ ಲಾಕರ್. ಅಷ್ಟೇ. ಲಾಕರ್‌ನಲ್ಲಿ ಸ್ವಲ್ಪ ನೀರು, ತಿನ್ನುವ ಪೊಟ್ಟಣ, ಫ್ಲೇರ್ ಇರುತ್ತವೆ. ಹೊರಗೆ ಹೋಗಲು ಮೇಲೊಂದು ಬಾಗಿಲು, ಕೆಳಗೊಂದು ಬಾಗಿಲು.

ಈ ಎರಡು ಬಾಗಿಲಿನ ವಿಷಯ ನನಗೆ ಬಹಳ ಇಷ್ಟ. 1976ರ ಅಕ್ಟೋಬರ್‌ನಲ್ಲಿ ಸೋವಿಯತ್ ಒಕ್ಕೂಟದ ಸೋಯುಜ್ 23 ಬಾಹ್ಯಾಕಾಶ ನೌಕೆ ನೆಲದ ಮೇಲೆ ಇಳಿಯುವ ಬದಲು ಕಜಕಿಸ್ತಾನದ ತೆಂಗಿಜ್ ಸರೋವರಕ್ಕೆ ಬಿತ್ತು. ರಾತ್ರಿ, ಮಂಜುಗಡ್ಡೆ, ನೀರು ತುಂಬಿಕೊಂಡ ಪ್ಯಾರಾಶೂಟ್ ಬೇರೆ. ಬಾಗಿಲು ನೀರಿನೊಳಗೆ ಹೋಗಿದ್ದರಿಂದ ಒಳಗಿದ್ದ ಇಬ್ಬರು ಹೊರಗೆ ಬರಲಾಗದೆ ಗಂಟೆಗಟ್ಟಲೆ ಚಳಿಯಲ್ಲಿ ಕಾಯಬೇಕಾಯಿತು, ರಕ್ಷಣೆ ಆಗುವ ಹೊತ್ತಿಗೆ ಬೆಳಗಾಗಿತ್ತು. ಆ ಕಥೆ ಗೊತ್ತಿದ್ದರೆ ಆಟದ ಪಾಡ್ ಎಷ್ಟು ಧಾರಾಳ ಅನ್ನೋದು ಅರ್ಥ ಆಗುತ್ತೆ. ತೇಲುತ್ತೆ, ಬಾಗಿಲು ತೆರೆಯುತ್ತೆ, ಮೀನು ಹಿಡಿದು ತಂದರೆ ಬೇಯಿಸಿಯೂ ಕೊಡುತ್ತೆ. ಉಳಿದ ಪಾಡ್‌ಗಳಿಗೆ ಈ ಅದೃಷ್ಟ ಇರಲಿಲ್ಲ. ಅವು ಎಲ್ಲಿ ಹೋದವು ಅನ್ನೋದು ರೇಡಿಯೋ ಮೂಲಕ ನಿಮಗೇ ಗೊತ್ತಾಗಲಿ, ನಾನು ಹೇಳಿ ಕೆಡಿಸುವುದಿಲ್ಲ.

ಆದರೆ ಆ ರೇಡಿಯೋ ಮೊದಲು ಕೆಟ್ಟಿರುತ್ತದೆ. ಪಾಡ್‌ನ ವೈರಿಂಗ್ ಕೂಡ ಕಿಡಿ ಹಾರಿಸುತ್ತಾ ಇರುತ್ತದೆ. ಹಾಗಾಗಿ ಮನೆಯ ಯೋಚನೆಗಿಂತ ಮುಂಚೆ ರಿಪೇರಿ ಟೂಲ್ ಮಾಡಿಕೊಳ್ಳಿ. ಒಂದು ಟೈಟಾನಿಯಂ, ಒಂದು ಸಿಲಿಕೋನ್ ರಬ್ಬರ್, ಒಂದು ಗುಹೆಯ ಗಂಧಕ ಬೇಕು. ಎತ್ತರದ ಬಳ್ಳಿಗಳ ಕಾಡಿನಲ್ಲಿ ಹಳದಿಯಾಗಿ ಹೊಳೆಯುವ ಬೀಜದ ಗೊಂಚಲಿಂದ ರಬ್ಬರ್ ಆಗುತ್ತದೆ. ಗಂಧಕ ಇರುವುದು ಮೈಮೇಲೆ ಬಂದು ಸಿಡಿಯುವ ಒಂದು ಮೀನಿನ ಗೂಡಿನಲ್ಲಿ. ಅದನ್ನು ದೂರದಿಂದ ಕೆಣಕಿ, ಹಿಂದೆ ಸರಿದು, ಸಿಡಿದ ಮೇಲೆ ಹೋಗಿ ಗಂಧಕ ತೆಗೆಯಿರಿ. ನಾನು ಮೊದಲ ಸಲ ಗೂಡಿನ ಮುಂದೆ ಮುಖ ಇಟ್ಟುಕೊಂಡು ನಿಂತಿದ್ದೆ, ಪರಿಣಾಮ ಹೇಳಬೇಕಾಗಿಲ್ಲ ಅಲ್ವಾ.

ಈಗ ನಿಮ್ಮ ಪ್ರಶ್ನೆ. ನನ್ನ ಲೆಕ್ಕದಲ್ಲಿ ಪಾಡ್ ಬಿಡುವ ಸಮಯ ಹ್ಯಾಬಿಟಾಟ್ ಬಿಲ್ಡರ್, ಅಂದರೆ ಮನೆ ಕಟ್ಟುವ ಉಪಕರಣ, ಕೈಗೆ ಬಂದ ದಿನ. ಅದಕ್ಕೆ ಒಂದು ಕಂಪ್ಯೂಟರ್ ಚಿಪ್, ಒಂದು ವೈರಿಂಗ್ ಕಿಟ್, ಒಂದು ಬ್ಯಾಟರಿ ಸಾಕು. ಚಿಪ್‌ಗೆ ಚಿನ್ನ ಬೇಕು, ವೈರಿಂಗ್‌ಗೆ ಬೆಳ್ಳಿ ಬೇಕು, ಎರಡೂ ಮರಳುಗಲ್ಲಿನ ಉಂಡೆ ಒಡೆದರೆ ಸಿಗುತ್ತವೆ. ಚಿಪ್‌ಗೆ ಬೇಕಾದ ತಟ್ಟೆಯಂಥ ಹವಳವನ್ನು ಚಾಕುವಿನಲ್ಲಿ ಹೊಡೆದು ತರಬೇಕು. ಅದೇ ಮರಳುಗಲ್ಲಿನಲ್ಲಿ ಸೀಸವೂ ಬರುತ್ತದೆ, ಅದನ್ನು ಬಿಸಾಡಬೇಡಿ. ಅರೋರಾ ಸ್ಫೋಟಿಸಿದ ಮೇಲೆ ಅದರ ಸುತ್ತ ವಿಕಿರಣ ಹರಡುತ್ತದೆ, ಆಗ ಸೀಸ ಹಾಕಿದ ಸೂಟ್ ಇಲ್ಲದೆ ಆ ಕಡೆ ತಲೆ ಹಾಕುವ ಹಾಗಿಲ್ಲ.

ಯಾಕೆ ಬಿಡಬೇಕು ಅಂದರೆ, ಪಾಡ್‌ನೊಳಗೆ ನೀವು ಏನನ್ನೂ ಹೊಸದಾಗಿ ಕೂರಿಸಲಾಗುವುದಿಲ್ಲ. ಗೋಡೆಗೆ ಇನ್ನೊಂದು ಲಾಕರ್ ಇಲ್ಲ, ಬ್ಯಾಟರಿ ಚಾರ್ಜರ್ ಇಲ್ಲ, ಗಿಡ ಬೆಳೆಸುವ ಜಾಗ ಇಲ್ಲ, ಮಂಚವೂ ಇಲ್ಲ. ಒಂದರ ಹಿಂದೊಂದು ಸಾಮಾನು ಮಾಡಿಸುತ್ತಾ ಹೋದರೆ ಪವರ್ ಇಳಿದುಹೋಗಿ, ಮತ್ತೆ ತುಂಬುವ ತನಕ ಸುಮ್ನೆ ಕೂತಿರಬೇಕು. ನಾನು ಮೊದಲ ಆಟದಲ್ಲಿ ಸೋಮಾರಿತನಕ್ಕೆ ಪಾಡ್‌ನಲ್ಲೇ ಉಳಿದು, ಲಾಕರ್ ತುಂಬಿದ ಮೇಲೆ ಬೆಳ್ಳಿ, ತಾಮ್ರ ಎಲ್ಲಾ ಹೊರಗೆ ಸಮುದ್ರದ ತಳದಲ್ಲಿ ಬಿಟ್ಟು ಬರುತ್ತಿದ್ದೆ, ಆಮೇಲೆ ಬೇಕಾದಾಗ ಎಲ್ಲಿ ಬಿಟ್ಟೆ ಅಂತ ಹುಡುಕುವುದೇ ಒಂದು ಕೆಲಸ ಆಗಿಹೋಗಿತ್ತು.

ಹಾಗಂತ ಮೊದಲ ದಿನವೇ ದೂರದ ಆಳಕ್ಕೆ ಹೋಗಿ ಅರಮನೆ ಕಟ್ಟಬೇಡಿ. ಪಾಡ್ ಕಣ್ಣಿಗೆ ಬೀಳುವಷ್ಟು ಹತ್ತಿರದಲ್ಲಿ, ಬೆಳಕಿರುವ ಕಡಿಮೆ ಆಳದ ನೀರಿನಲ್ಲಿ ಒಂದು ಕೊಳವೆ, ಒಂದು ಬಾಗಿಲು, ಮೇಲೊಂದು ಸೋಲಾರ್ ಪ್ಯಾನೆಲ್ ಹಾಕಿ. ಸೋಲಾರ್ ಇಲ್ಲಿ ಮುಖ್ಯ, ಯಾಕೆಂದರೆ ನೀವು ಕಟ್ಟಿದ ಮನೆಗೆ ಪವರ್ ಇಲ್ಲದಿದ್ದರೆ ಒಳಗೆ ಆಮ್ಲಜನಕವೂ ಇಲ್ಲ. ಆಳ ಜಾಸ್ತಿ ಆದಷ್ಟೂ ಪ್ಯಾನೆಲ್ ಕೆಲಸ ಕಡಿಮೆ, ರಾತ್ರಿ ಅಂತೂ ಕೇಳಲೇಬೇಡಿ. ಹೊಸ ಮನೆಯಲ್ಲಿ ಫ್ಯಾಬ್ರಿಕೇಟರ್, ನಾಲ್ಕೈದು ಲಾಕರ್ ಬಂದ ಮೇಲೆ ಪಾಡ್ ಗೋದಾಮಿನ ಕೆಲಸದಿಂದ ಬಿಡುಗಡೆ. ರೇಡಿಯೋವನ್ನೂ ಮನೆಯಲ್ಲೇ ಕಟ್ಟಿಕೊಳ್ಳಬಹುದು. ಔಷಧಿ ಕಿಟ್ ಮಾತ್ರ ಪಾಡ್‌ನ ಯಂತ್ರ ಬಿಟ್ಟಿಯಾಗಿ ತಯಾರಿಸುತ್ತಲೇ ಇರುತ್ತದೆ, ಆ ಕಡೆ ಹಾದುಹೋಗುವಾಗ ಎತ್ತಿಕೊಳ್ಳಿ.

ಇನ್ನೊಂದು ಮಾತು, ಆಟ ತಾನಾಗಿಯೇ ಸೇವ್ ಆಗುವುದಿಲ್ಲ. ಸಾಮಾನು ಸಾಗಿಸುವ ಮುಂಚೆ ಒಮ್ಮೆ, ಸಾಗಿಸಿದ ಮೇಲೆ ಒಮ್ಮೆ ನೀವೇ ಸೇವ್ ಮಾಡಿ.

ಲಾಕರ್ ಖಾಲಿ ಮಾಡುವಾಗ ಗೋಡೆಯಲ್ಲಿರುವ ಬೆಂಕಿ ಆರಿಸುವ ಸಿಲಿಂಡರನ್ನು ಮರೆಯಬೇಡಿ. ಆಟದ ಶುರುವಿನಲ್ಲಿ ಪಾಡ್‌ಗೆ ಹತ್ತಿದ ಬೆಂಕಿ ಆರಿದ ಮೇಲೆ ಅದರ ಕೆಲಸ ಮುಗಿಯಿತು ಅಂತ ತುಂಬಾ ಜನ ಅಲ್ಲೇ ಬಿಟ್ಟು ಬರುತ್ತಾರೆ. ಮುಂದೆ ಅರೋರಾ ಒಳಗೆ ಹೋದಾಗ ದಾರಿ ತುಂಬಾ ಬೆಂಕಿ ಉರಿಯುತ್ತಾ ಇರುತ್ತದೆ.