ಎಫ್1, ಎಫ್1ಬಿ, ಎಫ್2: ಪೂಡಲ್ ಮಿಶ್ರತಳಿಯ ರೋಮದ ಬಗ್ಗೆ ಈ ಗುರುತುಗಳು ಹೇಳುವುದೆಷ್ಟು?

ಪೂಡಲ್ ಎಂದರೆ ಕೂದಲು ಕಡಿಮೆ ಉದುರಿಸುವ, ಗುಂಗುರು ರೋಮದ ನಾಯಿ ತಳಿ. ಅದರ ಮಿಶ್ರತಳಿಯ ಮರಿಯನ್ನು ಲಸಿಕೆಗೆಂದು ಕರೆತರುವವರಲ್ಲಿ ಅನೇಕರು, 'ಇದು ಎಫ್1ಬಿ, ಹಾಗಾದರೆ ಕೂದಲು ಉದುರುವುದಿಲ್ಲ ಅಲ್ಲವೇ ಡಾಕ್ಟರೇ?' ಎಂದು ಕೇಳುತ್ತಾರೆ. ಆ ಗುರುತು ಹೇಳುವುದು ಮರಿಯ ವಂಶಾವಳಿಯನ್ನು ಮಾತ್ರ. ರೋಮ ಹೇಗಿರುತ್ತದೆ ಎಂಬುದನ್ನು ನಿರ್ಧರಿಸುವುದು ಆ ಮರಿಗೆ ಬಂದ ಜೀನ್‌ಗಳು.

ಶುದ್ಧ ಪೂಡಲ್ ಮತ್ತು ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್‌ನಂತಹ ಇನ್ನೊಂದು ಶುದ್ಧ ತಳಿಗೆ ಹುಟ್ಟಿದ್ದು ಎಫ್1. ಆ ಎಫ್1 ಅನ್ನು ಮತ್ತೆ ಶುದ್ಧ ಪೂಡಲ್ ಜೊತೆ ಕೂಡಿಸಿದರೆ ಎಫ್1ಬಿ. ಅದರಲ್ಲಿ ಪೂಡಲ್ ಪಾಲು ಸರಾಸರಿ ಶೇ 75. ಎರಡು ಎಫ್1 ನಾಯಿಗಳ ಮರಿ ಎಫ್2; ಅಲ್ಲಿ ಪೂಡಲ್ ಪಾಲು ಸರಾಸರಿ ಅರ್ಧವೇ ಉಳಿಯುತ್ತದೆ.

ನಾಯಿಗಳ ರೋಮದ ವೈವಿಧ್ಯದ ಬಹುಪಾಲನ್ನು ಮೂರು ಜೀನ್‌ಗಳಿಂದ ವಿವರಿಸಬಹುದೆಂದು 2009ರ ಸಂಶೋಧನೆಯೊಂದು ತೋರಿಸಿತು: ಉದ್ದಕ್ಕೆ ಎಫ್‌ಜಿಎಫ್5, ಗುಂಗುರಿಗೆ ಕೆಆರ್‌ಟಿ71, ಗಡ್ಡ, ಮೀಸೆ, ಹುಬ್ಬುಗಳಿಗೆ ಆರ್‌ಎಸ್‌ಪಿಒ2. ಮಿಶ್ರತಳಿಯಲ್ಲಿ ನಿರೀಕ್ಷೆ ಹುಸಿಯಾಗುವುದು ಹೆಚ್ಚಾಗಿ ಈ ಕೊನೆಯದರಲ್ಲಿ. ಪ್ರತಿ ಮರಿಗೂ ಒಂದು ಜೀನ್‌ನ ಎರಡು ಪ್ರತಿಗಳು, ತಾಯಿಯಿಂದ ಒಂದು, ತಂದೆಯಿಂದ ಒಂದು ಬರುತ್ತವೆ. ಈ ಜೀನ್‌ನಲ್ಲಿ ಗಡ್ಡ ಮೂಡಿಸುವ ರೂಪ ಪ್ರಬಲವಾದದ್ದು, ಅದರ ಒಂದು ಪ್ರತಿ ಇದ್ದರೂ ಸಾಕು. ಪೂಡಲ್‌ನಲ್ಲಿ ಸಾಮಾನ್ಯವಾಗಿ ಎರಡು ಪ್ರತಿಗಳಿರುತ್ತವೆ, ರಿಟ್ರೀವರ್‌ಗಳಲ್ಲಿ ಒಂದೂ ಇರುವುದಿಲ್ಲ. ಆದ್ದರಿಂದ ಎಫ್1 ಮರಿಗಳೆಲ್ಲಕ್ಕೂ ಒಂದೊಂದು ದೊರೆತು ಮುಖದಲ್ಲಿ ಕೂದಲು ಬೆಳೆಯುತ್ತದೆ. ಅಂತಹ ಎರಡು ನಾಯಿಗಳನ್ನು ಕೂಡಿಸಿದಾಗಲಾದರೋ, ಸರಾಸರಿ ನಾಲ್ಕರಲ್ಲಿ ಒಂದು ಮರಿಗೆ ಈ ರೂಪ ಬರುವುದೇ ಇಲ್ಲ: ಅದರ ಮುಖ ರಿಟ್ರೀವರ್‌ನಂತೆ ನುಣುಪಾಗಿರುತ್ತದೆ, ಕೂದಲೂ ಹೆಚ್ಚು ಉದುರುತ್ತದೆ. ಎಫ್ ಮುಂದಿನ ಸಂಖ್ಯೆ ಒಂದರಿಂದ ಎರಡಕ್ಕೆ ಏರಿದರೆ ನಾಯಿ ಸುಧಾರಿಸುತ್ತದೆ ಎಂಬ ಎಣಿಕೆ ಇಲ್ಲಿ ಪೂರ್ತಿ ತಪ್ಪು. ನನ್ನ ಮಟ್ಟಿಗೆ, ತಾಯಿತಂದೆ ನಾಯಿಗಳ ರೋಮದ ಜೀನ್ ಪರೀಕ್ಷೆಯ ವರದಿಗೆ ಈ ಅಕ್ಷರಗಳಿಗಿಂತ ಬೆಲೆ ಹೆಚ್ಚು.

ಅಲರ್ಜಿಯ ವಿಷಯದಲ್ಲಂತೂ ಯಾವ ಗುರುತನ್ನೂ ನೆಚ್ಚಿಕೊಳ್ಳಬಾರದು, ಏಕೆಂದರೆ ಅಲರ್ಜಿ ತರುವ ಪ್ರೋಟೀನ್‌ಗಳು ನಾಯಿಯ ಜೊಲ್ಲಿನಲ್ಲಿ ಮತ್ತು ಚರ್ಮದ ಹೊಟ್ಟಿನಲ್ಲಿರುತ್ತವೆ. ಆಸ್ಟ್ರೇಲಿಯಾದಲ್ಲಿ ಅಂಧರಿಗೆ ದಾರಿ ತೋರುವ ಮಾರ್ಗದರ್ಶಿ ನಾಯಿಗಳನ್ನು ಬೆಳೆಸುತ್ತಿದ್ದ ವಾಲಿ ಕಾನ್ರನ್, ಅಲರ್ಜಿಯಿದ್ದ ಕುಟುಂಬವೊಂದಕ್ಕಾಗಿ 1980ರ ದಶಕದ ಕೊನೆಯಲ್ಲಿ ಲ್ಯಾಬ್ರಡಾರ್ ಮತ್ತು ಪೂಡಲ್‌ಗಳನ್ನು ಕೂಡಿಸಿದಾಗ ಮೂರು ಮರಿಗಳು ಹುಟ್ಟಿದವು. ಮೂರೂ ಒಡಹುಟ್ಟಿದವು, ಮೂರೂ ಎಫ್1. ಆದರೆ ಅಲರ್ಜಿ ತರದೆ ಒಪ್ಪಿಗೆಯಾದದ್ದು ಒಂದೇ ಮರಿ. ಮನೆಯಲ್ಲಿ ಉಬ್ಬಸದವರಿದ್ದರೆ ಅವರು ಆ ನಿರ್ದಿಷ್ಟ ನಾಯಿಯೊಡನೆ ಹಲವು ಬಾರಿ ಕಾಲ ಕಳೆದ ನಂತರವೇ ನಿರ್ಧಾರಕ್ಕೆ ಬರಬೇಕು.

ಉಣ್ಣೆಯಂತಹ ಗುಂಗುರು ರೋಮ ನೆಲಕ್ಕೆ ಬೀಳದಿದ್ದರೂ ಕಳಚಿದ ಕೂದಲು ಒಳಗೇ ಸಿಕ್ಕಿಕೊಂಡು ಗಂಟಾಗುತ್ತದೆ. ಮರಿಯ ರೋಮ ಹೋಗಿ ಬಲಿತ ರೋಮ ಬರುವ ತಿಂಗಳುಗಳಲ್ಲಿ, ಸಾಮಾನ್ಯವಾಗಿ ಮೊದಲ ವರ್ಷ ತುಂಬುವ ಹೊತ್ತಿಗೆ, ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿಯ ಕೆಳಗೆ ಇದು ತೀವ್ರವಾಗುತ್ತದೆ. ಮೇಲೆ ಮೇಲೆ ಬ್ರಷ್ ಆಡಿಸಿದರೆ ಸಾಲದು. ಲೋಹದ ಬಾಚಣಿಗೆ ಚರ್ಮದವರೆಗೂ ಸಲೀಸಾಗಿ ಇಳಿಯಬೇಕು. ಗಂಟು ಬಿಡಿಸದೆ ಸ್ನಾನ ಮಾಡಿಸಿದರೆ ಅದು ಇನ್ನಷ್ಟು ಬಿಗಿಯುತ್ತದೆ, ಆಮೇಲೆ ರೋಮವನ್ನು ಬುಡದವರೆಗೆ ಕತ್ತರಿಸದೆ ಬೇರೆ ದಾರಿ ಇರುವುದಿಲ್ಲ.