ಹಳೆಯ ಕಾರ್ವೆಟ್‌ಗಳ ಅಶ್ವಶಕ್ತಿ ಮತ್ತು ಬೆಲೆ: ಅಂಕಿಗಳನ್ನು ಓದುವ ಬಗೆ

ಶೆವ್ರೊಲೆ ಕಂಪನಿಯ ಸ್ಪೋರ್ಟ್ಸ್ ಕಾರಾದ ಕಾರ್ವೆಟ್‌ನ ಎಲ್‌ಟಿ-1 ಎಂಬ 5.7 ಲೀಟರಿನ ವಿ8 ಎಂಜಿನ್‌ಗೆ 1970ರಲ್ಲಿ 370 ಅಶ್ವಶಕ್ತಿ ಎಂದೂ 1972ರಲ್ಲಿ 255 ಅಶ್ವಶಕ್ತಿ ಎಂದೂ ನಮೂದಾಗಿದೆ. ಎರಡೇ ವರ್ಷಗಳಲ್ಲಿ 115 ಅಶ್ವಶಕ್ತಿ ಎಲ್ಲಿ ಸೋರಿಹೋಯಿತು ಎಂಬುದನ್ನು ಬಿಡಿಸಿಕೊಂಡರೆ, ಆ ಕಾಲದ ಅಮೆರಿಕನ್ ಕಾರುಗಳನ್ನು ಹೋಲಿಸುವ ಅರ್ಧ ಕೆಲಸ ಮುಗಿದಂತೆ.

1971ರವರೆಗೆ ಅಮೆರಿಕದಲ್ಲಿ ಪ್ರಚಾರಕ್ಕೆ ಬಳಸುತ್ತಿದ್ದುದು ‘ಗ್ರಾಸ್’ ಅಶ್ವಶಕ್ತಿ. ಎಂಜಿನ್ನನ್ನು ಕಾರಿನಿಂದ ಹೊರಗೆ ಪರೀಕ್ಷಾ ಪೀಠದ ಮೇಲಿಟ್ಟು, ಏರ್ ಫಿಲ್ಟರ್, ಆಲ್ಟರ್ನೇಟರ್, ಸೈಲೆನ್ಸರ್ ಮುಂತಾದ ಹೊರೆಗಳಿಲ್ಲದೆ ಅಳೆದ ಅಂಕಿ ಅದು. 1972ರಿಂದ ಬಳಕೆಗೆ ಬಂದ ‘ನೆಟ್’ ಅಂಕಿಯು ಇವೆಲ್ಲವನ್ನೂ ಜೋಡಿಸಿಕೊಂಡು, ಅಂದರೆ ಎಂಜಿನ್ ಕಾರಿನಲ್ಲಿ ಕೂತಿರುವ ಸ್ಥಿತಿಗೆ ಹತ್ತಿರವಾಗಿ, ಅಳೆದದ್ದು. ನಮ್ಮ ಅದೃಷ್ಟಕ್ಕೆ ಶೆವ್ರೊಲೆಯ ಮಾತೃಸಂಸ್ಥೆ ಜನರಲ್ ಮೋಟರ್ಸ್ 1971ರಲ್ಲಿ ಎರಡೂ ಅಂಕಿಗಳನ್ನು ಪ್ರಕಟಿಸಿತು: ಎಲ್‌ಟಿ-1ಕ್ಕೆ ಗ್ರಾಸ್ 330, ನೆಟ್ 275.

ಈಗ ಲೆಕ್ಕ ತಾನಾಗಿ ಬಿಚ್ಚಿಕೊಳ್ಳುತ್ತದೆ. 370ರಿಂದ 330ಕ್ಕೆ ಇಳಿದ 40 ನಿಜವಾದ ನಷ್ಟ. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದುವಂತೆ ಕಂಪ್ರೆಷನ್ ಅನುಪಾತವನ್ನು (ಸಿಲಿಂಡರಿನೊಳಗೆ ಇಂಧನ-ಗಾಳಿಯ ಮಿಶ್ರಣವನ್ನು ಎಷ್ಟು ಪಟ್ಟು ಒತ್ತಲಾಗುತ್ತದೆ ಎಂಬ ಲೆಕ್ಕ) 11:1ರಿಂದ 9:1ಕ್ಕೆ ತಗ್ಗಿಸಿದ್ದೇ ಅದಕ್ಕೆ ಮುಖ್ಯ ಕಾರಣ. 330ರಿಂದ 275ಕ್ಕೆ ಬಿದ್ದ 55 ಕೇವಲ ಅಳತೆಗೋಲಿನ ಬದಲಾವಣೆ. 275ರಿಂದ 255ಕ್ಕೆ ಇಳಿದ 20 ಮತ್ತೆ ನೆಟ್ ಲೆಕ್ಕದಲ್ಲೇ ಆದ ಇಳಿಕೆ. ಹೆಚ್ಚುಕಡಿಮೆ ಅರ್ಧ ‘ನಷ್ಟ’ ಕಾಗದದ ಮೇಲೆ ಮಾತ್ರ ಆದದ್ದು.

ಹಾಗೆಂದು ಯಾವುದೇ ಗ್ರಾಸ್ ಅಂಕಿಯನ್ನು ಒಂದೇ ಗುಣಕದಿಂದ ನೆಟ್‌ಗೆ ಇಳಿಸಲು ಹೊರಡಬಾರದು. 1971ರ ಎಲ್‌ಟಿ-1ರಲ್ಲಿ ನೆಟ್ ಪಾಲು ಗ್ರಾಸ್‌ನ ಶೇ. 83, ಅದೇ ವರ್ಷದ 454 ಘನ ಅಂಗುಲದ, ಅಂದರೆ ಸುಮಾರು 7.4 ಲೀಟರಿನ ಎಂಜಿನ್ನಾದ ಎಲ್‌ಎಸ್5ರಲ್ಲಿ (365ಕ್ಕೆ 285) ಶೇ. 78. ಇನ್ನೊಂದು ತೊಡಕೆಂದರೆ, ತಯಾರಕರೇ ಬೇಕೆಂದು ಅಂಕಿಯನ್ನು ತಗ್ಗಿಸಿ ಹೇಳಿದ್ದೂ ಉಂಟು. 1967ರ ಎಲ್88 ಓಟದ ಪಂದ್ಯಕ್ಕೆಂದೇ ರೂಪಿಸಿದ 427 ಘನ ಅಂಗುಲದ ಎಂಜಿನ್. ಅದಕ್ಕೆ ಕೊಟ್ಟ ಅಂಕಿ 430, ರಸ್ತೆಗೆಂದಿದ್ದ ಎಲ್71ಕ್ಕೆ 435! ವಾಸ್ತವದಲ್ಲಿ ಎಲ್88 500ನ್ನು ದಾಟುತ್ತಿತ್ತು. ಆ ವರ್ಷ ಅಂಥ 20 ಕಾರುಗಳಷ್ಟೇ ತಯಾರಾದವು. ಅವುಗಳಲ್ಲೊಂದು 2014ರಲ್ಲಿ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು. ಆ ಬೆಲೆ ವಿರಳತೆಯದು, ಅದನ್ನು ಅಶ್ವಶಕ್ತಿಯಿಂದ ಭಾಗಿಸುವುದರಲ್ಲಿ ಅರ್ಥವಿಲ್ಲ.

ಭಾಗಾಕಾರಕ್ಕೆ ಒಗ್ಗುವುದು ಹೊಸ ಕಾರಿನ ಬೆಲೆ, ಅದರಲ್ಲೂ ಒಂದೇ ಮಾದರಿಯ ಎರಡು ರೂಪಗಳ ನಡುವಿನ ವ್ಯತ್ಯಾಸ. 1990ರ ಸಾಧಾರಣ ಕಾರ್ವೆಟ್‌ಗೆ 245 ಅಶ್ವಶಕ್ತಿ. ಬ್ರಿಟನ್ನಿನ ಕಾರು ಕಂಪನಿ ಲೋಟಸ್ ವಿನ್ಯಾಸಗೊಳಿಸಿ, ದೋಣಿ ಎಂಜಿನ್‌ಗಳ ತಯಾರಕ ಮರ್ಕ್ಯುರಿ ಮರೀನ್ ಜೋಡಿಸಿದ 32 ಕವಾಟಗಳ ಎಂಜಿನ್ ಇದ್ದ ಅದರ ದುಬಾರಿ ರೂಪ ಜೆಡ್‌ಆರ್-1ಕ್ಕೆ 375. ಹೆಚ್ಚಿನ 130 ಅಶ್ವಶಕ್ತಿಗೆ ಕೊಡಬೇಕಾಗಿದ್ದ ಹೆಚ್ಚಿನ ಹಣ 27,016 ಡಾಲರ್, ಅಂದರೆ ಒಂದಕ್ಕೆ ಸುಮಾರು 208. 1992ರಲ್ಲಿ ಸಾಧಾರಣ ಕಾರಿಗೇ 300 ಅಶ್ವಶಕ್ತಿಯ ಹೊಸ ಎಂಜಿನ್ ಬಂದಿತು. ಜೆಡ್‌ಆರ್-1 375ರಲ್ಲೇ ನಿಂತು ಅದರ ಹೆಚ್ಚುವರಿ ಬೆಲೆ 31,683ಕ್ಕೆ ಏರಿದ್ದರಿಂದ, ಉಳಿದ 75ರ ಅಂತರದಲ್ಲಿ ಒಂದೊಂದು ಅಶ್ವಶಕ್ತಿಗೂ ಸುಮಾರು 422 ಡಾಲರ್ ಬೀಳತೊಡಗಿತು. ಆ ಹಣದಲ್ಲಿ ಅಗಲವಾದ ಹಿಂಭಾಗ, 315 ಮಿ.ಮೀ. ಅಗಲದ ಹಿಂದಿನ ಟೈರುಗಳ ಪಾಲೂ ಸೇರಿರುವುದರಿಂದ, ಪೂರ್ತಿ ಮೊತ್ತವನ್ನು ಎಂಜಿನ್ನಿನ ಖಾತೆಗೆ ಬರೆಯುವುದು ತುಸು ಕಠೋರವಾದೀತು.